ಇನ್ನೂರು ಗಂಟೆ ಹಾರಾಟ ಮುಗಿಸಿದ ಹೊಸ ಪೈಲಟ್ ಮುಂದೆ ಯಾವ ದಾರಿ ಹಿಡಿಯಬೇಕು?

ಕಳೆದ ಬೇಸಿಗೆಯಲ್ಲಿ ರಜೆಗೆಂದು ಹುಬ್ಬಳ್ಳಿಗೆ ಬಂದಿದ್ದಾಗ ಗದಗ ಕಡೆಯ ರೈತರೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಚಹಾ ಮುಗಿಯುವ ಮೊದಲೇ ಕೈಚೀಲದಿಂದ ಎರಡು ವಸ್ತು ತೆಗೆದು ಮಂಚದ ಮೇಲಿಟ್ಟರು. ಒಂದು ಐದು ಎಕರೆ ಎರೆ ಹೊಲದ ಉತಾರ, ಇನ್ನೊಂದು ಮಗನ ಹಾರಾಟದ ಗಂಟೆಗಳನ್ನು ಬರೆದಿಡುವ ಲಾಗ್ ಬುಕ್. "ತಮ್ಮಾ, ಇದನ್ನು ಒತ್ತೆ ಇಟ್ಟರೆ ಇವನಿಗೆ ಕೆಲಸ ಸಿಗುತ್ತದೆಯೇ, ಅಷ್ಟು ಹೇಳು" ಎಂದರು. ನಾನು ಲಾಗ್ ಬುಕ್ ಬಿಚ್ಚಿ ನೋಡಿದೆ. ಒಟ್ಟು 203 ಗಂಟೆ 40 ನಿಮಿಷ. ಕೊನೆಯ ಸಾಲಿನಲ್ಲಿ ಸಣ್ಣ ತರಬೇತಿ ವಿಮಾನ ಸೆಸ್ನಾ 172, ಒಂದು ಗಂಟೆ ಹತ್ತು ನಿಮಿಷ. ಆ ಸಾಲು ಬರೆದು ಹದಿನಾಲ್ಕು ತಿಂಗಳಾಗಿತ್ತು. ಅದರ ಕೆಳಗೆಲ್ಲ ಖಾಲಿ.

ಆ ದಿನ ಅವರಿಗೆ ಹೇಳಿದ್ದನ್ನು ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಧಾರವಾಡ, ಗದಗ, ಹಾವೇರಿ ಕಡೆಯಿಂದ ಇದೇ ಪ್ರಶ್ನೆ ಹೊತ್ತು ಫೋನ್ ಮಾಡುವ ಮನೆಗಳು ಹೆಚ್ಚಾಗಿವೆ. ನಾನು 2018ರಲ್ಲಿ ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಪಡೆದೆ, ಮೂರು ವರ್ಷ ತರಬೇತಿ ಶಾಲೆಯಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ, ಈಗ ವಿಮಾನಯಾನ ಸಂಸ್ಥೆಯೊಂದರಲ್ಲಿ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ನನ ಬಲಗಡೆ ಕೂರುವ ಸಹಪೈಲಟ್ ಆಗಿದ್ದೇನೆ.

ಮೊದಲು ಕೈಯಲ್ಲಿರುವ ಲೈಸೆನ್ಸಿನ ಬೆಲೆ ಎಷ್ಟು ಎಂಬುದು ಮನೆಯವರಿಗೂ ಗೊತ್ತಿರಬೇಕು. ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಂತೆ ಸಿಪಿಎಲ್‌ಗೆ ಬೇಕಾದದ್ದು 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಹೊತ್ತು ಹಾರಿರಬೇಕು, 300 ನಾಟಿಕಲ್ ಮೈಲಿಯ ಒಂದು ದೂರದ ಹಾರಾಟ ಇರಬೇಕು, ಹತ್ತು ಗಂಟೆ ಉಪಕರಣಗಳನ್ನು ನೋಡಿಕೊಂಡು, ಐದು ಗಂಟೆ ರಾತ್ರಿ ಹಾರಿರಬೇಕು. ಇಷ್ಟು ಮುಗಿಯುವಷ್ಟರಲ್ಲಿ ಐವತ್ತು ಲಕ್ಷದ ಆಸುಪಾಸು ಖರ್ಚಾಗಿರುತ್ತದೆ. ಆದರೂ ಈ ಲೈಸೆನ್ಸ್ ಒಂದರಿಂದಲೇ ಏರ್‌ಬಸ್‌ನಲ್ಲಿ ಕೂರಲು ಆಗುವುದಿಲ್ಲ. ದೊಡ್ಡ ವಿಮಾನದ ಪ್ರತಿ ಮಾದರಿಗೂ ಬೇರೆಯಾಗಿ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನು ಹಾರಿಸುವ ತರಬೇತಿ ಮತ್ತು ಅರ್ಹತೆ, ಮಾಡಿಕೊಳ್ಳಬೇಕು. ಕ್ಯಾಪ್ಟನ್ ಆಗಬೇಕಾದರೆ 1500 ಗಂಟೆ ದಾಟಿ ಎಟಿಪಿಎಲ್ ಎಂಬ ಮೇಲಿನ ಹಂತದ ಲೈಸೆನ್ಸ್ ಪಡೆಯಬೇಕು.

ಅಮೆರಿಕದಲ್ಲಿ 2013ರಿಂದ ಬಲಗಡೆಯ ಸೀಟಿಗೂ ಎಟಿಪಿಎಲ್‌ಗೆ ಸಮನಾದ ಎಟಿಪಿಯೇ ಬೇಕು, ಅದಕ್ಕೆ ಸಾಮಾನ್ಯವಾಗಿ 1500 ಗಂಟೆ ಕೇಳುತ್ತಾರೆ. ಹಾಗಾಗಿ ಅಲ್ಲಿಯ ಹುಡುಗರು ವರ್ಷಗಟ್ಟಲೆ ಪಾಠ ಹೇಳಿ ಗಂಟೆ ಕೂಡಿಸುತ್ತಾರೆ. ನಮ್ಮಲ್ಲಿ 200 ಗಂಟೆಯ ಸಿಪಿಎಲ್ ಜೊತೆ ಟೈಪ್ ರೇಟಿಂಗ್ ಇದ್ದರೆ ಏರ್‌ಬಸ್ ಎ320ರಲ್ಲಿ ಫಸ್ಟ್ ಆಫೀಸರ್ ಆಗಲು ಕಾನೂನಿನ ಅಡ್ಡಿಯಿಲ್ಲ. ಯೂಟ್ಯೂಬ್‌ನಲ್ಲಿ ಅಮೆರಿಕದವರ ಸಲಹೆ ಕೇಳಿ ಬರುವ ಮಕ್ಕಳಿಗೆ ಈ ವ್ಯತ್ಯಾಸವನ್ನು ನಾನು ಮೊದಲೇ ಹೇಳುತ್ತೇನೆ. ಅಲ್ಲಿ ಗಂಟೆಯೇ ಬಾಗಿಲು ತೆರೆಯುತ್ತದೆ. ಇಲ್ಲಿ ಬಾಗಿಲು ಕಾಯುವುದು ಟೈಪ್ ರೇಟಿಂಗ್. ನಮ್ಮ ಕಡೆಯ ಮನೆಗಳು ಹೆಚ್ಚಾಗಿ ಎಡವುವುದೂ ಅಲ್ಲಿಯೇ.

ಟೈಪ್ ರೇಟಿಂಗ್: ಮೊದಲು ಆಯ್ಕೆಯೋ, ಮೊದಲು ಹಣವೋ

ಒಂದೇ ಹೆಸರಿನಡಿ ಎರಡು ದಾರಿಗಳಿವೆ. ಒಂದರಲ್ಲಿ ಸಂಸ್ಥೆ ಸಿಪಿಎಲ್ ಇದ್ದವರನ್ನು ಕರೆದು ಲಿಖಿತ ಪರೀಕ್ಷೆ, ಮನೋಸಾಮರ್ಥ್ಯ ಪರೀಕ್ಷೆ, ಸಿಮ್ಯುಲೇಟರ್ (ನೆಲದ ಮೇಲಿನ ನಕಲು ಕಾಕ್‌ಪಿಟ್) ಪರೀಕ್ಷೆ, ಸಂದರ್ಶನ ಎಲ್ಲ ನಡೆಸಿ ಆಯ್ದುಕೊಳ್ಳುತ್ತದೆ. ಆಮೇಲೆ ಟೈಪ್ ರೇಟಿಂಗ್‌ಗೆ ಕಳುಹಿಸುತ್ತದೆ. ಹಣ ಬಹುತೇಕ ನಿಮ್ಮದೇ, ಆದರೆ ಕೈಯಲ್ಲಿ ಪತ್ರವಿರುತ್ತದೆ. ಇನ್ನೊಂದರಲ್ಲಿ ನೀವೇ ಸಿಮ್ಯುಲೇಟರ್ ಕೇಂದ್ರಕ್ಕೆ ಹೋಗಿ ಹಣ ಕಟ್ಟಿ ರೇಟಿಂಗ್ ಮಾಡಿಕೊಂಡು, ಬಳಿಕ ಸಂಸ್ಥೆಗಳ ಕರೆಗೆ ಕಾಯುತ್ತೀರಿ. ಎರಡಕ್ಕೂ ಹದಿನೈದರಿಂದ ಇಪ್ಪತ್ತೈದು ಲಕ್ಷದವರೆಗೆ ಖರ್ಚು ಬರುತ್ತದೆ. ಖರ್ಚು ಒಂದೇ ಎಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ನನ್ನ ಜೊತೆ ಕಲಿತ ಹಾವೇರಿ ಜಿಲ್ಲೆಯ ಗೆಳೆಯನೊಬ್ಬ 2018ರ ಕೊನೆಗೆ ಬೋಯಿಂಗ್ 737 ರೇಟಿಂಗ್ ಮುಗಿಸಿದ. ಮನೆಯವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಸ್ಥರು, ಗೋದಾಮಿನ ಮೇಲೆ ಸಾಲ ತೆಗೆದಿದ್ದರು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿತು. 737ನಲ್ಲಿ ಸಾವಿರಾರು ಗಂಟೆ ಹಾರಿದ ಪೈಲಟ್‌ಗಳೇ ಕೆಲಸ ಹುಡುಕುತ್ತ ಬಂದಾಗ, ಪ್ರಯಾಣಿಕರನ್ನು ಹೊತ್ತು ಒಮ್ಮೆಯೂ ಹಾರದ ಹುಡುಗನನ್ನು ಕರೆಯುವವರು ಯಾರು? ಮರುವರ್ಷ ಕೋವಿಡ್ ಬಂತು. ಹಾರದೆ ಕುಳಿತರೆ ರೇಟಿಂಗೂ ಮಸುಕಾಗುತ್ತದೆ. ಅದನ್ನು ಉಳಿಸಿಕೊಳ್ಳಲು ಮತ್ತೆ ಮತ್ತೆ ಸಿಮ್ಯುಲೇಟರ್ ಬಾಡಿಗೆ ಕಟ್ಟಿ ತಪಾಸಣೆ ಕೊಡಬೇಕು. ಕೊನೆಗೆ 2022ರಲ್ಲಿ ಅವನಿಗೆ ಸೀಟು ಸಿಕ್ಕಿದ್ದು ಏರ್‌ಬಸ್‌ನಲ್ಲಿ, ಅಂದರೆ ಎರಡನೆಯ ಟೈಪ್ ರೇಟಿಂಗ್, ಎರಡನೆಯ ಸಾಲ. ಅವನ ಕೈಯಲ್ಲಾಗಲಿ ತಲೆಯಲ್ಲಾಗಲಿ ಯಾವ ಕೊರತೆಯೂ ಇರಲಿಲ್ಲ. ನನಗಿಂತ ಚೆನ್ನಾಗಿ ಹಾರಿಸುತ್ತಿದ್ದವನು ಅವನು.

ಇದು ಒಂದೇ ಸಲ ಆದದ್ದೂ ಅಲ್ಲ. 2012ರಲ್ಲಿ ಕಿಂಗ್‌ಫಿಶರ್ ನಿಂತಿತು, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು. ಪ್ರತಿ ಸಲವೂ ಅನುಭವಿಗಳು ಸಾಲಿನ ಮುಂದೆ ಬಂದು ನಿಂತರು, ಹೊಸಬರು ಹಿಂದಕ್ಕೆ ಸರಿದರು. ಆದ್ದರಿಂದ ಆಯ್ಕೆ ಪತ್ರ ಕೈಗೆ ಬರುವ ಮೊದಲು ಟೈಪ್ ರೇಟಿಂಗ್‌ಗೆ ಹೊಲ, ಮನೆ, ಗೋದಾಮು ಯಾವುದನ್ನೂ ಒತ್ತೆ ಇಡಬೇಡಿ. ಸಾಲವಿಲ್ಲದೆ, ಕಳೆದುಕೊಂಡರೂ ಮನೆ ನಡೆಯುತ್ತದೆ ಎನ್ನುವಷ್ಟು ಹಣ ಇದ್ದವರು ಮಾತ್ರ ಈ ದಾರಿಯನ್ನು ಯೋಚಿಸಬಹುದು. "ರೇಟಿಂಗ್ ಮಾಡಿಸಿ ಕೆಲಸವನ್ನೂ ಕೊಡಿಸುತ್ತೇವೆ" ಎಂದು ಮುಂಗಡ ಕೇಳುವ ಮಧ್ಯವರ್ತಿಗಳನ್ನು ಮನೆಯ ಹೊಸ್ತಿಲು ದಾಟಲು ಬಿಡಬೇಡಿ. ವಿಮಾನಯಾನ ಸಂಸ್ಥೆ ತನ್ನ ಪೈಲಟ್‌ಗಳನ್ನು ತಾನೇ ಆರಿಸುತ್ತದೆ.

ಹಣ ಕಟ್ಟುವ ಮೊದಲು ಒಪ್ಪಂದದಲ್ಲಿ ಒಂದು ಸಾಲನ್ನು ಹುಡುಕಿ. ಸಿಮ್ಯುಲೇಟರ್ ಮುಗಿದ ಮೇಲೆ, ಪ್ರಯಾಣಿಕರಿಲ್ಲದ ನಿಜವಾದ ವಿಮಾನದಲ್ಲಿ ಕೆಲವು ಟೇಕಾಫ್, ಲ್ಯಾಂಡಿಂಗ್ ಮಾಡಬೇಕಾಗುತ್ತದೆ. ಅದನ್ನು ಯಾರು, ಎಲ್ಲಿ, ಯಾರ ಖರ್ಚಿನಲ್ಲಿ ಮಾಡಿಸುತ್ತಾರೆ ಎಂದು ಅಲ್ಲಿ ಬರೆದಿರಬೇಕು. ಇದೊಂದು ಬಾಕಿ ಉಳಿದು ತಿಂಗಳುಗಟ್ಟಲೆ ಅರ್ಧದಲ್ಲಿ ನಿಂತವರನ್ನು ನಾನು ಬಲ್ಲೆ.

"ಪೈಲಟ್‌ಗಳ ಕೊರತೆ ಇದೆಯಲ್ಲ?"

2025ರ ಡಿಸೆಂಬರ್ ಮೊದಲ ವಾರವನ್ನು ಹುಬ್ಬಳ್ಳಿಯವರು ಮರೆತಿಲ್ಲ. ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾಗಿ, ಇಲ್ಲಿಯ ಆರತಕ್ಷತೆಯೊಂದಕ್ಕೆ ವಧೂವರರೇ ಬಂದು ಮುಟ್ಟಲಾಗಲಿಲ್ಲ. ವಧುವಿನ ತಂದೆತಾಯಿ ಅವರ ಆಸನದಲ್ಲಿ ಕುಳಿತರು, ದೂರದ ಊರಿನಲ್ಲಿ ಸಿಲುಕಿದ ಮಕ್ಕಳು ಪರದೆಯ ಮೇಲೆ ಕಾಣಿಸಿಕೊಂಡರು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ಲ್ಯಾಂಡಿಂಗ್‌ಗಳನ್ನು ಬಿಗಿಗೊಳಿಸಿದ ಹೊಸ ನಿಯಮಕ್ಕೆ ತಕ್ಕಷ್ಟು ಸಿಬ್ಬಂದಿ ಸಿದ್ಧವಿರಲಿಲ್ಲ ಎಂಬುದು ಆಗ ಎಲ್ಲರ ಬಾಯಲ್ಲಿತ್ತು. ಮರುದಿನದಿಂದಲೇ ನನಗೆ ಫೋನ್‌ಗಳು ಶುರುವಾದವು. "ಇಷ್ಟೊಂದು ಕೊರತೆ ಇದ್ದ ಮೇಲೆ ನಮ್ಮ ಹುಡುಗನನ್ನು ಏಕೆ ತೆಗೆದುಕೊಳ್ಳುವುದಿಲ್ಲ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದು ವಿಮಾನ ಮೇಲೇಳಲು ಎಡಗಡೆ ಕ್ಯಾಪ್ಟನ್ ಇರಲೇಬೇಕು. ಹೊಸಬನನ್ನು ಬಲಗಡೆ ಕೂರಿಸಿ ಪ್ರಯಾಣಿಕರನ್ನು ಹೊತ್ತ ನಿತ್ಯದ ಹಾರಾಟ ಕಲಿಸಲು ಎಡಗಡೆ ಇನ್ನೂ ಹಿರಿಯನಾದ ತರಬೇತಿ ಕ್ಯಾಪ್ಟನ್ ಇರಬೇಕು. ಅಂಥವರು ಒಂದೆರಡು ವರ್ಷದಲ್ಲಿ ತಯಾರಾಗುವುದಿಲ್ಲ. ಸಿಬ್ಬಂದಿ ಬಿಕ್ಕಟ್ಟಿನ ಹೊತ್ತಿನಲ್ಲಿ ಸಂಸ್ಥೆಗಳು ಮೊದಲು ಅನುಭವಿಗಳನ್ನೇ ಹುಡುಕುತ್ತವೆ. ಬೇಡಿಕೆ ಇಲ್ಲ ಎಂದು ನಾನು ಹೇಳುತ್ತಿಲ್ಲ. 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೂ ಇಂಡಿಗೋ ಒಂದೇ ಸಲಕ್ಕೆ 500 ವಿಮಾನಗಳಿಗೂ ಬೇಡಿಕೆ ಇಟ್ಟಿವೆ. ಆ ವಿಮಾನಗಳು ಬಂದು ಮುಟ್ಟಲು ವರ್ಷಗಳೇ ಬೇಕು, ನೇಮಕಾತಿಯೂ ಅಲೆ ಅಲೆಯಾಗಿ ಬರುತ್ತದೆ. ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳ ಐದನೆಯ ತಾರೀಖಿಗೆ ತಪ್ಪದೆ ಬರುತ್ತದೆ.

ಇನ್‌ಸ್ಟ್ರಕ್ಟರ್ ಆಗುವುದು

ಮನೆಯವರು ಕೈಲಾದಷ್ಟು ಕೊಟ್ಟು ಮುಗಿಸಿದ್ದಾರೆ, ಇನ್ನು ಕೆಲವು ಲಕ್ಷಕ್ಕಷ್ಟೇ ಶಕ್ತಿ ಉಳಿದಿದೆ ಎನ್ನುವವರಿಗೆ ನನ್ನ ಮೊದಲ ಸಲಹೆ ಇದು. ಮೊದಲು ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್ ರೇಟಿಂಗ್, ಆಮೇಲೆ ಪೂರ್ಣ ಇನ್‌ಸ್ಟ್ರಕ್ಟರ್. ಖರ್ಚು ಟೈಪ್ ರೇಟಿಂಗ್‌ನ ಒಂದು ಚಿಕ್ಕ ಪಾಲು. ಕೆಲಸ ದೂರವೂ ಇಲ್ಲ. ನಮ್ಮ ಪಕ್ಕದ ಬೆಳಗಾವಿಯ ಸಾಂಬ್ರಾದಲ್ಲಿ, ಕಲಬುರಗಿಯಲ್ಲಿ, ಬೆಂಗಳೂರಿನ ಜಕ್ಕೂರಿನಲ್ಲಿ, ಗಡಿಯಾಚೆ ಬಾರಾಮತಿಯಲ್ಲಿ ತರಬೇತಿ ನಡೆಯುತ್ತದೆ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ತಲೆಯ ಮೇಲೆಯೇ ಇರುತ್ತದೆ, ಹಾರುವ ಗಂಟೆ ಇಳಿಯುತ್ತದೆ. ಕಲಬುರಗಿಯಲ್ಲಿ ಮಳೆ ಕಡಿಮೆ, ಬಿಸಿಲು ವಿಪರೀತ. ಹವೆ ಚೆನ್ನಾಗಿದ್ದ ತಿಂಗಳುಗಳಲ್ಲಿ ನಾನು ಐವತ್ತು ಅರವತ್ತು ಗಂಟೆ ಹಾರಿದ್ದೇನೆ.

ಆ ಮೂರು ವರ್ಷ ನನಗೆ ಕಲಿಸಿದ್ದನ್ನು ಲಾಗ್ ಬುಕ್ ತೋರಿಸುವುದಿಲ್ಲ. ಶಿಷ್ಯ ಲ್ಯಾಂಡಿಂಗ್‌ಗೆ ಇಳಿಸುತ್ತಿರುತ್ತಾನೆ. ರನ್‌ವೇ ಇನ್ನು ಹದಿನೈದು ಅಡಿ ಕೆಳಗಿರುವಾಗ ಅವನ ಬೆರಳ ಗೆಣ್ಣು ಬೆಳ್ಳಗಾಗುತ್ತದೆ, ಬೇಕಾದ್ದಕ್ಕಿಂತ ಹೆಚ್ಚು ಎಳೆಯುತ್ತಾನೆ. ಮೂಗು ಏಳುತ್ತದೆ, ವೇಗ ಇಳಿಯುತ್ತದೆ, ಸೆಸ್ನಾದ ರೆಕ್ಕೆಯಲ್ಲಿರುವ ಸ್ಟಾಲ್ ಪೀಪಿ (ರೆಕ್ಕೆಯ ಎತ್ತುವ ಶಕ್ತಿ ಕಳೆಯುವ ಮೊದಲು ಎಚ್ಚರಿಸುವ ಸದ್ದು) ಸಣ್ಣಗೆ ಅಳತೊಡಗುತ್ತದೆ. ಆಗ ನಾನು ಕಸಿದುಕೊಂಡರೆ ಅವನು ಕಲಿಯುವುದಿಲ್ಲ, ಅರ್ಧ ಕ್ಷಣ ತಡಮಾಡಿದರೆ ವಿಮಾನ ಬಡಿದು ಕೂರುತ್ತದೆ. ಎರಡು ಬೆರಳಿನಿಂದ ಯೋಕ್ (ವಿಮಾನದ ಚುಕ್ಕಾಣಿ) ಹಿಡಿದು "ಬಿಡು, ಬಿಡು, ಈಗ ಹಿಡಿ" ಎನ್ನುತ್ತ ಇಳಿಸಬೇಕು. ಇದನ್ನು ಸಾವಿರ ಸಲ ಮಾಡಿದವನು ಮುಂದೆ ಸಂಸ್ಥೆಯ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಕುಳಿತಾಗ ಕೈ ನಡುಗುವುದಿಲ್ಲ. ಪರೀಕ್ಷಕರಿಗೆ ಅದು ಕಾಣುತ್ತದೆ.

ಈ ದಾರಿಯ ಕುಂದನ್ನೂ ಹೇಳಬೇಕು. ಸೆಸ್ನಾದಲ್ಲಿ ಕೂಡಿಸಿದ 800 ಗಂಟೆ ಇದೆ ಎಂದ ಮಾತ್ರಕ್ಕೆ ನಮ್ಮ ಸಂಸ್ಥೆಗಳು 200 ಗಂಟೆಯವನಿಗಿಂತ ನಿಮ್ಮನ್ನು ಮುಂದೆ ಕೂರಿಸುತ್ತವೆ ಎಂದು ನಂಬಬೇಡಿ. ಅದೇ ಲಿಖಿತ ಪರೀಕ್ಷೆಯನ್ನು, ಅದೇ ಸಂದರ್ಶನವನ್ನು ದಾಟಬೇಕು. ಆ ಗಂಟೆಗಳು ನಾಳೆ ಎಟಿಪಿಎಲ್ ಲೆಕ್ಕಕ್ಕೆ ನೆರವಾಗುತ್ತವೆ, ಅದು ನಿಜ. ಸಂಬಳ ಸಾಧಾರಣ, ಕೆಲವು ಕಡೆ ಬಾಂಡ್ ಬರೆಸಿಕೊಳ್ಳುತ್ತಾರೆ. ಎರಡು ವರ್ಷದ ಬಾಂಡ್ ಬರೆದುಕೊಟ್ಟ ಮೂರನೆಯ ತಿಂಗಳಿಗೇ ಏರ್‌ಲೈನ್ ಕರೆ ಬಂದರೆ ಬಿಡಿಸಿಕೊಳ್ಳಲು ಎಷ್ಟು ಕಟ್ಟಬೇಕು ಎಂದು ಸಹಿ ಹಾಕುವ ಮೊದಲೇ ಕೇಳಿ. ಕಲಿಸಲು ತಾಳ್ಮೆ ಇಲ್ಲದವರು ಈ ಕೆಲಸಕ್ಕೆ ಬರಲೇಬಾರದು. ನಿಮ್ಮ ಪಕ್ಕದ ಸೀಟಿನಲ್ಲಿ ಇನ್ನೊಂದು ಮನೆಯ ಮಗ ಕುಳಿತಿರುತ್ತಾನೆ.

ಚಾರ್ಟರ್ ಮತ್ತು ಸಣ್ಣ ವಿಮಾನಗಳು

ಕಿಂಗ್ ಏರ್, ಪಿಲಾಟಸ್, ಕ್ಯಾರವಾನ್ ಥರದ ವಿಮಾನಗಳನ್ನು ಬಾಡಿಗೆಗೆ, ರೋಗಿಗಳ ಸಾಗಣೆಗೆ, ಉದ್ಯಮಿಗಳ ಓಡಾಟಕ್ಕೆ ನಡೆಸುವ ಕಂಪನಿಗಳು ಬೆಂಗಳೂರು, ಹೈದರಾಬಾದ್, ಮುಂಬೈ, ದೆಹಲಿಯಲ್ಲಿವೆ. ಅಲ್ಲಿ ಜಾಹೀರಾತು ಕಡಿಮೆ, ಪರಿಚಯ ಹೆಚ್ಚು ನಡೆಯುತ್ತದೆ. ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕೆಂದು ಹಿಂದಿನ ರಾತ್ರಿಯವರೆಗೂ ಗೊತ್ತಿರುವುದಿಲ್ಲ. ಚುನಾವಣೆ ಬಂದರೆ ಬಿಡುವಿಲ್ಲ, ಮಳೆಗಾಲದಲ್ಲಿ ಫೋನ್ ಬಡಿದುಕೊಳ್ಳುವುದಿಲ್ಲ. ಗಂಟೆ ನಿಧಾನವಾಗಿ ಕೂಡುತ್ತದೆ. ಆದರೆ ಟರ್ಬೈನ್ ಎಂಜಿನ್‌ನ ಗಂಟೆಗೆ ತೂಕವಿದೆ, ದೀಪವಿಲ್ಲದ ಚಿಕ್ಕ ರನ್‌ವೇಗೆ ಹೊತ್ತು ಮುಳುಗುವ ಮೊದಲು ಇಳಿಯುವ ಲೆಕ್ಕಾಚಾರ ಬೇರೆಲ್ಲೂ ಇಷ್ಟು ಚೆನ್ನಾಗಿ ಕಲಿಯಲು ಸಿಗುವುದಿಲ್ಲ. ಮಾಲೀಕ ಅವಸರ ಮಾಡಿದಾಗ "ಹವೆ ಸರಿಯಿಲ್ಲ, ಹೋಗುವುದಿಲ್ಲ" ಎನ್ನುವ ಕ್ಯಾಪ್ಟನ್ ಇರುವ ಕಂಪನಿಯನ್ನೇ ಆರಿಸಿ. ಇದನ್ನು ವಿಚಾರಿಸಲು ಅಲ್ಲಿ ಹಿಂದೆ ಕೆಲಸ ಮಾಡಿದ ಇಬ್ಬರ ಜೊತೆಯಾದರೂ ಮಾತನಾಡಿ.

ಎಟಿಆರ್ ಆದರೆ ಬೇಡವೇ?

ಆಯ್ಕೆಯಾದವರಲ್ಲೂ ಕೆಲವರು ಎಟಿಆರ್ ಎಂದರೆ ಮುಖ ಸಣ್ಣ ಮಾಡುತ್ತಾರೆ. ಪಂಖ ತಿರುಗುವ ವಿಮಾನ ಕೆಳದರ್ಜೆಯದು ಎಂಬ ಭಾವನೆ ಊರಿನಲ್ಲೂ ಇದೆ. ನಮ್ಮ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಕಥೆಯನ್ನೇ ನೋಡಿ. 2003ರಲ್ಲಿ ಏರ್ ಡೆಕ್ಕನ್ ಹುಬ್ಬಳ್ಳಿಯನ್ನು ಆಕಾಶಕ್ಕೆ ಜೋಡಿಸಿದ್ದು ಎಟಿಆರ್‌ನಿಂದ. 2019ರ ಜನವರಿಯಲ್ಲಿ ಸ್ಟಾರ್ ಏರ್ ತನ್ನ ಐವತ್ತು ಸೀಟಿನ ಎಂಬ್ರಾಯರ್ ಜೆಟ್‌ಗಳನ್ನು ಹೊತ್ತು ಶುರುವಾದಾಗಲೂ ಅದರ ಮೊದಲ ಊರುಗಳಲ್ಲಿ ಹುಬ್ಬಳ್ಳಿ ಇತ್ತು. ಚಿಕ್ಕ ವಿಮಾನಗಳೇ ಈ ಭಾಗವನ್ನು ಹೊರಜಗತ್ತಿಗೆ ತಂದಿವೆ.

ಎ320 ಕೊಡುವುದು ಹೆಚ್ಚು ಸಂಬಳ, ಹೆಚ್ಚು ಸಂಸ್ಥೆಗಳ ಬಾಗಿಲು. ದೇಶದಲ್ಲಿ ಇಂಡಿಗೋ, ಏರ್ ಇಂಡಿಯಾ ಎರಡೂ ಅದನ್ನೇ ಹೆಚ್ಚಾಗಿ ಹಾರಿಸುವುದರಿಂದ ನಾಳೆ ಸಂಸ್ಥೆ ಬದಲಿಸುವುದು ಸುಲಭ. 737 ಇರುವುದು ಅಕಾಸಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಸ್ಪೈಸ್‌ಜೆಟ್‌ಗಳಲ್ಲಿ. ಎಟಿಆರ್‌ನಲ್ಲಿ ಸಂಬಳ ಕಡಿಮೆ, ದಿನಕ್ಕೆ ನಾಲ್ಕು ನಾಲ್ಕು ಸಲ ಏರಿಳಿತ, ಮೋಡದ ಮೇಲೆ ಹೋಗಿ ತಪ್ಪಿಸಿಕೊಳ್ಳುವ ಅವಕಾಶ ಇಲ್ಲ. ಆದರೆ ಕೈಯಿಂದ ಹಾರಿಸುವ ಅಭ್ಯಾಸ ಗಟ್ಟಿಯಾಗುತ್ತದೆ. ಜೆಟ್‌ಗೆ ಹೋಗಲು ಮುಂದೆ ಇನ್ನೊಂದು ರೇಟಿಂಗ್ ಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಇಷ್ಟರ ಮೇಲೂ, ಇಂದು ಎಟಿಆರ್ ಪತ್ರ ಬಂದಿದ್ದರೆ ನಾಳೆಯ ಏರ್‌ಬಸ್‌ಗಾಗಿ ಅದನ್ನು ಬಿಡಬೇಡಿ.

ಇನ್ನೂ ಪಿಯುಸಿ ಮುಗಿಸಿದ ಹಂತದಲ್ಲೇ ಇರುವವರಿಗೆ ಸಂಸ್ಥೆಗಳ ಕೆಡೆಟ್ ಯೋಜನೆ ಇದೆ. ಆಯ್ಕೆ ಮೊದಲು, ತರಬೇತಿ ಆಮೇಲೆ, ಖರ್ಚು ಕೋಟಿ ರೂಪಾಯಿಯ ಹತ್ತಿರ ಹೋಗುತ್ತದೆ. ಸಿಪಿಎಲ್ ಆದವರಿಗೆ ಆ ಬಸ್ಸು ಹೊರಟುಹೋಗಿದೆ. ಹೊಸ ಪೈಲಟ್‌ಗೆ ವಿದೇಶದಲ್ಲಿ ಕೆಲಸದ ಮಾತು ಬಹುಮಟ್ಟಿಗೆ ಅಲ್ಲಿ ನೆಲೆಸುವ ಹಕ್ಕು ಇದ್ದವರಿಗೆ. ಕಾಯುವ ಕಾಲದಲ್ಲಿ ನಿಲ್ದಾಣದ ಗ್ರೌಂಡ್ ಕೆಲಸ, ಡಿಸ್ಪ್ಯಾಚ್ (ಹಾರಾಟದ ಯೋಜನೆ ಸಿದ್ಧಪಡಿಸುವುದು), ಡಿಜಿಸಿಎ ವಿಷಯಗಳ ಪಾಠ, ಇವು ಮರ್ಯಾದೆಯ ಕೆಲಸಗಳೇ. ಕಂತಿಗೆ ನೆರವಾಗುತ್ತವೆ, ಓದು ಮರೆಯುವುದಿಲ್ಲ. ಅವುಗಳಿಂದ ಲಾಗ್ ಬುಕ್ ಮಾತ್ರ ಮುಂದಕ್ಕೆ ಹೋಗುವುದಿಲ್ಲ.

ಲೆಕ್ಕ ಹಾಕುವುದು ಹೇಗೆ

ಬ್ಯಾಡಗಿಯಲ್ಲಿ ದರ ಕುಸಿದರೆ ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜ್‌ಗೆ ಹಾಕಿ ಕಾಯುತ್ತಾರೆ. ಬಣ್ಣ ಉಳಿಯುತ್ತದೆ, ಬಾಡಿಗೆಯಷ್ಟೇ ಹೊರೆ. ಪೈಲಟ್ ಲೈಸೆನ್ಸಿಗೆ ಅಂಥ ಕೋಣೆ ಇಲ್ಲ. ನಲವತ್ತರ ಒಳಗಿನವರಿಗೂ ಕ್ಲಾಸ್ ಒನ್ ವೈದ್ಯಕೀಯ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು, ಇನ್‌ಸ್ಟ್ರುಮೆಂಟ್ ರೇಟಿಂಗ್ (ಐಆರ್, ಅಂದರೆ ಉಪಕರಣಗಳನ್ನು ನೋಡಿಕೊಂಡು ಹಾರುವ ಅರ್ಹತೆ) ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಅದಕ್ಕೆ ಹಾರಬೇಕು, ಹಾರಲು ಹಣ ಬೇಕು. ಹೀಗಾಗಿ ನಾನು ಮನೆಯವರಿಗೆ ಕೇಳುವ ಮೊದಲ ಪ್ರಶ್ನೆ ಯಾವ ವಿಮಾನ ಬೇಕು ಎಂದಲ್ಲ. ಒಂದು ರೂಪಾಯಿ ಸಂಬಳ ಬಾರದೆ ಎಷ್ಟು ತಿಂಗಳು ತಡೆಯಬಲ್ಲಿರಿ ಎಂದು ಕೇಳುತ್ತೇನೆ.

ಇಪ್ಪತ್ತು ಲಕ್ಷವನ್ನು ಶೇಕಡಾ 11ರ ಬಡ್ಡಿಗೆ ತೆಗೆದರೆ ಬರೀ ಬಡ್ಡಿಯೇ ತಿಂಗಳಿಗೆ 18,000 ರೂಪಾಯಿ ದಾಟುತ್ತದೆ. ಹತ್ತು ವರ್ಷಕ್ಕೆ ಕಂತು ಕಟ್ಟಿದರೆ ತಿಂಗಳಿಗೆ ಸುಮಾರು 27,500. ತರಬೇತಿಯ ಹಳೆಯ ಸಾಲ ಇದ್ದರೆ ಅದು ಬೇರೆ. ಈ ಮೊತ್ತವನ್ನು ಹದಿನೆಂಟು ತಿಂಗಳು ಆದಾಯವಿಲ್ಲದೆ ಕಟ್ಟಬಲ್ಲ ಮನೆಗೆ ಕಾಯುವ ಶಕ್ತಿ ಇದೆ. ಅಂಥವರು ಐಆರ್ ಜೀವಂತವಾಗಿಟ್ಟುಕೊಂಡು, ಸಂಸ್ಥೆಗಳ ಪರೀಕ್ಷೆಗೆ ಓದುತ್ತ, ಆಯ್ಕೆಯ ಕರೆಗೆ ಕಾಯಲಿ. ಆರು ತಿಂಗಳಿಗಿಂತ ಹೆಚ್ಚು ತಡೆಯಲಾಗದ ಮನೆಯಲ್ಲಿ ಹುಟ್ಟಿದವರು ಇನ್‌ಸ್ಟ್ರಕ್ಟರ್ ರೇಟಿಂಗ್‌ಗೆ ಇಂದೇ ಹೆಸರು ಬರೆಸಲಿ. ಸಂಸ್ಥೆಗಳ ಅರ್ಜಿ ಅಲ್ಲಿಂದಲೇ ಹಾಕಬಹುದು, ನಾನು ಹಾಗೆಯೇ ಹಾಕಿದೆ.

ಆ ಗದಗಿನ ಹುಡುಗನ ಐಆರ್ ಅವಧಿ ಮುಗಿದಿತ್ತು, ವೈದ್ಯಕೀಯಕ್ಕೆ ಹನ್ನೊಂದು ದಿನ ಉಳಿದಿತ್ತು. ಅವನಿಗೇ ಅದು ನೆನಪಿರಲಿಲ್ಲ. ಉತಾರವನ್ನು ಕೈಚೀಲಕ್ಕೆ ವಾಪಸ್ ಇಡಲು ಅವನ ತಂದೆಗೆ ಹೇಳಿದೆ. ನಮ್ಮ ಅವ್ವ ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರ್ ಬಿಚ್ಚಿ ತಂದುಕೊಟ್ಟಳು. ವೈದ್ಯಕೀಯದ ದಿನಕ್ಕೆ ಒಂದು ಸುತ್ತು, ಐಆರ್ ಅಭ್ಯಾಸ ಶುರು ಮಾಡುವ ದಿನಕ್ಕೆ ಇನ್ನೊಂದು, ಬೆಳಗಾವಿಗೆ ಹೋಗಿ ಇನ್‌ಸ್ಟ್ರಕ್ಟರ್ ತರಬೇತಿಯ ಖರ್ಚು ವಿಚಾರಿಸಿ ಬರುವ ಸೋಮವಾರಕ್ಕೆ ಮತ್ತೊಂದು ಸುತ್ತು ಹಾಕಿ ಆ ಹಾಳೆಯನ್ನು ಹರಿದು ಹುಡುಗನ ಕೈಗೆ ಕೊಟ್ಟೆವು.